ಅಕ್ಕಿ ತುಂಬಿದೆ

ಬೆಂಕಿಪೊಟ್ಟಣ ಹುಡುಕಿಕೊಂಡು ಮೊನ್ನೆ ಜಯನಗರದ ಒಂದು ಮನೆಯ ಅಡುಗೆಮನೆ ಹೊಕ್ಕಿದ್ದೆ. ಬೆಂಕಿಪೊಟ್ಟಣ ಸಿಗಲಿಲ್ಲ. ಮೇಲಿನ ಶೆಲ್ಫಿನಲ್ಲಿ ಇಲಿಗೂ ತೆರೆಯಲಾಗದ ಒಂದು ಸ್ಟೀಲ್ ಡಬ್ಬಿ ಇತ್ತು. ಚಮಚದ ಹಿಡಿಯಿಂದ ಮೀಟಿ ಮುಚ್ಚಳ ತೆಗೆದೆ. ಸಾರಿನ ಪುಡಿ. ಹುರಿದ ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಇಂಗು... ಘಾಟು ಕೊಂಚ ಇಳಿದಿತ್ತು, ವಾಸನೆ ಮಾತ್ರ ಅದೇ. ಧೂಳು ಹಿಡಿದ ನೆಲದ ಮೇಲೆ ಅಲ್ಲೇ ಕುಳಿತುಬಿಟ್ಟೆ. ನನ್ನ ಎದುರುಮನೆ ಆಂಟಿ ನೆನಪಾದರು.

ಆ ಜ್ವರ ಬಂದು ಹೋಗಿ ಎರಡು ಮಳೆಗಾಲ ಕಳೆದಿವೆ. ಬನಶಂಕರಿಯಿಂದ ಬೇಗೂರು ಕೆರೆಯವರೆಗೂ ನಡೆದಿದ್ದೇನೆ, ಸಿಕ್ಕ ಸಿಕ್ಕ ಬೀದಿಯಲ್ಲಿ ನಿಂತು ಕೂಗಿದ್ದೇನೆ. ನಾಯಿಗಳು ಬೊಗಳಿವೆ. ಮನುಷ್ಯರ ದನಿ ಒಂದೂ ಬಂದಿಲ್ಲ. ಕೆಲಸಕ್ಕೆಂದು ಈ ಊರಿಗೆ ಬಂದಾಗ ಒಂದು ಕೋಣೆ ಸಿಕ್ಕರೆ ಸಾಕಪ್ಪಾ ಎಂದು ಬೀದಿ ಬೀದಿ ಅಲೆದಿದ್ದೆ. ಈಗ ಯಾವ ಮನೆಗೆ ಬೇಕಾದರೂ ಹೋಗಿ ಮಲಗಬಹುದು, ಅಡ್ವಾನ್ಸ್ ಕೇಳುವವರಿಲ್ಲ. ಇದನ್ನು ಯಾರಿಗೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಬರೆಯುವಾಗ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ, ಅಷ್ಟೇ.

ನಾನು ಹಾವೇರಿ ಕಡೆಯವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ಬೆಳೆದದ್ದೆಲ್ಲ ಹಾಸ್ಟೆಲಿನಲ್ಲಿ. ಅಡುಗೆಮನೆಯ ಮಾತು, ಮಡಿ, ಮೈಲಿಗೆ ಒಂದೂ ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅನ್ನ ಮುಗಿದರೆ ಅಡುಗೆಯವನು ಸೌಟಿನಿಂದ ಪಾತ್ರೆ ಬಡಿದು "ಖಲಾಸ್!" ಎಂದು ಕೂಗುತ್ತಿದ್ದ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನನಗೆ ಗೊತ್ತಿದ್ದ ಭಾಷೆ ಅದು.

ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಬಿಲ್ ಕೌಂಟರಿನ ಕೆಲಸ ಸಿಕ್ಕಿತು, ಸುದ್ದಗುಂಟೆಪಾಳ್ಯದಲ್ಲಿ ಟೆರೇಸಿನ ಮೇಲೊಂದು ಕೋಣೆ ಸಿಕ್ಕಿತು. ಎದುರು ಟೆರೇಸು ಆಂಟಿಯದು. ನಡುವೆ ಸಣ್ಣ ಗಲ್ಲಿ. ಕೈ ಚಾಚಿದರೆ ಎಟುಕದು, ದೋಟಿ ಚಾಚಿದರೆ ಎಟುಕುತ್ತದೆ. ಗಲ್ಲಿಯ ತುದಿಯಲ್ಲಿದ್ದ ನುಗ್ಗೆ ಮರದಿಂದ ಕಾಯಿ ಕೀಳಲು ಅವರು ಒಂದು ಉದ್ದನೆಯ ದೋಟಿ ಇಟ್ಟುಕೊಂಡಿದ್ದರು. ಅದರ ಕೊಕ್ಕೆಗೆ ಕವರ್ ಸಿಕ್ಕಿಸಿ ನನ್ನ ಕಡೆ ಚಾಚುತ್ತಿದ್ದರು. ಒಳಗೆ ಒಮ್ಮೆ ನುಗ್ಗೆಕಾಯಿ, ಒಮ್ಮೆ ಕೋಡುಬಳೆ. ಮಂಡಿನೋವಿನಿಂದ ಮೆಟ್ಟಿಲು ಇಳಿಯುವುದು ಅವರಿಗೆ ಶಿಕ್ಷೆಯಾಗಿತ್ತು. ಅದಕ್ಕೇ ಅವರ ಲೋಕವ್ಯವಹಾರವೆಲ್ಲ ಟೆರೇಸಿನಿಂದಲೇ ನಡೆಯುತ್ತಿತ್ತು.

"ಊಟ ಆಯ್ತೇನಮ್ಮಾ?"

"ಆತ್ರೀ ಆಂಟಿ."

"ಅದೇನು ಆತ್ರಿ ಆತ್ರಿ ಅಂತೀಯ, ಸೀನಿದ ಹಾಗಿರತ್ತೆ," ಎಂದು ನಗುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ನಿಮ್ಮ ಊರಿನ ಸಾರು ನೀರಿಗೆ ಬಣ್ಣ ಹಾಕಿದಂತಿರುತ್ತದೆ ಎನ್ನುತ್ತಿದ್ದೆ. ಅದಕ್ಕೆ ಅವರಿಗೆ ನಿಜವಾಗಿಯೇ ಸಿಟ್ಟು ಬರುತ್ತಿತ್ತು. ಸಾರಿನ ಪುಡಿಯನ್ನು ಅವರು ಅಂಗಡಿಯಿಂದ ತಂದವರಲ್ಲ. ಬಿಸಿಲು ನೋಡಿ ಟೆರೇಸಿನಲ್ಲಿ ಮೆಣಸಿನಕಾಯಿ ಹರವುವರು, ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯುವರು. ಅಂದು ಗಲ್ಲಿಯವರೆಲ್ಲ ಸೀನುತ್ತಿದ್ದರು.

ಒಂದು ಬೆಳಿಗ್ಗೆ, ಎಲ್ಲವೂ ಸರಿಯಾಗಿದ್ದ ಕಾಲದಲ್ಲಿ, ಅವರು ಟೆರೇಸಿನ ಅಂಚಿಗೆ ಬಂದು ಕೆಳಗೆ ಸ್ಕೂಟರ್ ತೆಗೆಯುತ್ತಿದ್ದ ಗಂಡನಿಗೆ ಕೂಗಿ ಹೇಳಿದರು. "ರೀ, ಅಕ್ಕಿ ತುಂಬಿದೆ. ಬರ್ತಾ ತನ್ನಿ." ಅಂಕಲ್ ತಲೆಯಾಡಿಸಿ ಹೋದರು. ನಾನು ಹಲ್ಲುಜ್ಜುತ್ತಾ ನಿಂತಿದ್ದವಳು ಮನಸ್ಸಿನಲ್ಲೇ ನಕ್ಕೆ. ತುಂಬಿದ ಮೇಲೂ ತರಿಸುತ್ತಾರಲ್ಲ, ಈ ಬೆಂಗಳೂರಿನವರಿಗೆ ಎಷ್ಟಿದ್ದರೂ ಸಾಲದು ಎಂದುಕೊಂಡೆ. ಆ ಮಾತನ್ನು ಅಲ್ಲಿಗೇ ಮರೆತೆ...

ಆಮೇಲೆ ಜ್ವರ ಬಂತು. ಟಿವಿಯವರು ಅದಕ್ಕೆ ಏನೇನೋ ಹೆಸರು ಇಟ್ಟರು, ಗಲ್ಲಿಯವರು "ಆ ಜ್ವರ" ಎಂದರು. ಸಂಜೆ ಮೈ ಬಿಸಿಯಾದವರು ಮರುದಿನ ಏಳುತ್ತಿರಲಿಲ್ಲ. ಅಂಕಲ್‌ರನ್ನು ಒಂದು ವ್ಯಾನಿನಲ್ಲಿ ಕರೆದುಕೊಂಡು ಹೋದರು, ವಾಪಸು ಕಳಿಸಲಿಲ್ಲ. ಎಲ್ಲಿಗೆ ಒಯ್ದರೆಂದು ಹೇಳುವುದಕ್ಕೂ ಯಾರೂ ಬರಲಿಲ್ಲ. ಮೈಕು ಕಟ್ಟಿದ ಜೀಪೊಂದು ಬೀದಿ ಬೀದಿ ತಿರುಗಿ, ಯಾರೂ ಮನೆಯಿಂದ ಹೊರಗೆ ಬರಬೇಡಿ, ಗಾಳಿಯಲ್ಲೂ ಜ್ವರವಿದೆ ಎಂದು ಸಾರಿತು. ಕೆಲವು ದಿನಗಳ ನಂತರ ಜೀಪೂ ನಿಂತಿತು. ಕರೆಂಟು ಹೋಯಿತು, ಫೋನು ಸತ್ತಿತು. ಗಲ್ಲಿಯ ಮನೆಗಳಲ್ಲಿ ಒಂದೊಂದಾಗಿ ಕೆಮ್ಮು ನಿಂತಿತು, ಅಳು ನಿಂತಿತು, ಕೊನೆಗೆ ವಾಸನೆ ಶುರುವಾಯಿತು. ಹೊರಗೆ ಬರಬೇಡಿ ಎಂದು ಹೇಳಿ ಹೋದವರು, ಇನ್ನು ಬನ್ನಿ ಎಂದು ಹೇಳಲು ಉಳಿಯಲೇ ಇಲ್ಲ. ನಾವಿಬ್ಬರೂ ಆ ಕೊನೆಯ ಮಾತಿಗೆ ಕಟ್ಟುಬಿದ್ದು ಎರಡು ಟೆರೇಸುಗಳ ಮೇಲೆ ಕುಳಿತೆವು.

ಟ್ಯಾಂಕಿನಲ್ಲಿ ಮಳೆನೀರು ಇತ್ತು. ತಿನ್ನಲು ಮಾತ್ರ ಏನೂ ಇರಲಿಲ್ಲ. ನನ್ನ ಕೋಣೆಯಲ್ಲಿದ್ದ ಅವಲಕ್ಕಿ, ಬಿಸ್ಕತ್ತು, ಊರಿನಿಂದ ಬಂದಿದ್ದ ಜೋಳದ ಹಿಟ್ಟು ಎಲ್ಲ ಮುಗಿದವು. ಆಂಟಿ ದೋಟಿಯಿಂದ ನುಗ್ಗೆಸೊಪ್ಪು ಕಿತ್ತು ಅರ್ಧ ನನಗೆ ಚಾಚುತ್ತಿದ್ದರು. ಮರ ಬೋಳಾಯಿತು. ಗ್ಯಾಸ್ ಖಾಲಿಯಾದ ಮೇಲೆ ಅವರು ಟೆರೇಸಿನಲ್ಲೇ ಇಟ್ಟಿಗೆ ಜೋಡಿಸಿ ತೆಂಗಿನ ಚಿಪ್ಪು ಉರಿಸುತ್ತಿದ್ದರು. ದಿನಾ ಮಧ್ಯಾಹ್ನ ಅಲ್ಲಿಂದ ಸಾರು ಕುದಿಯುವ ವಾಸನೆ ಬರುತ್ತಿತ್ತು. ನನ್ನ ಹೊಟ್ಟೆ ಹಿಂಡುತ್ತಿತ್ತು. ಆದರೂ ಸಮಾಧಾನ. ಸಾರು ಕುದಿಯುತ್ತಿದೆ ಎಂದರೆ ಅನ್ನವೂ ಬೆಂದಿದೆ ಎಂದುಕೊಳ್ಳುತ್ತಿದ್ದೆ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಆಂಟಿ, ನಿಮ್ಮನ್ಯಾಗ ಅಕ್ಕಿ ಅದಾವೇನ್ರಿ?"

ಅವರು ಒಲೆ ಊದುತ್ತಿದ್ದವರು ನಿಲ್ಲಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು.

"ಅಕ್ಕಿ ತುಂಬಿದೆ ಕಣಮ್ಮ."

ನನಗೆ ಹೋದ ಜೀವ ಬಂದಂತಾಯಿತು. "ಹೌದೇನ್ರಿ! ಹಂಗಾರ ಚಿಂತಿಲ್ಲ ಬಿಡ್ರಿ! ನಾನು ಎಷ್ಟ್ ಅಂಜಿದ್ದೆ ಗೊತ್ತೇನ್ರಿ?" ಎಂದು ಚಪ್ಪಾಳೆ ತಟ್ಟಿದೆ.

ಆಂಟಿ ನನ್ನನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಆಮೇಲೆ ನಕ್ಕರು. ಆ ನಗು ಈಗಲೂ ಕಣ್ಣ ಮುಂದಿದೆ.

"ಹೂಂ ಕಣೆ, ಚಿಂತೆ ಇಲ್ಲ," ಎಂದರು. ಅಷ್ಟು ದಿನ ನನ್ನನ್ನು ಅಮ್ಮಾ ಎನ್ನುತ್ತಿದ್ದವರು ಅಂದು ಮೊದಲ ಸಲ ಕಣೆ ಎಂದರು.

ಮರುದಿನ ದೋಟಿಯ ತುದಿಯಲ್ಲಿ ಒಂದು ಕವರ್ ಬಂತು. ಕೆಲವು ಹಿಡಿ ಅಕ್ಕಿ, ಕಾಗದದ ಪೊಟ್ಟಣದಲ್ಲಿ ಸಾರಿನ ಪುಡಿ. ಬೇಡವೆಂದು ಬಾಯಿಮಾತಿಗೂ ಹೇಳಲಿಲ್ಲ ನಾನು. ತುಂಬಿದ ಮನೆಯಿಂದ ಬಂದದ್ದಲ್ಲವೇ? ನೆನೆಸಿ ಅರೆದು ಗಂಜಿ ಮಾಡಿಕೊಂಡು ದಿನ ದೂಡಿದೆ. ಎದುರಿನಿಂದ ಸಾರಿನ ವಾಸನೆ ತಪ್ಪದೆ ಬರುತ್ತಿತ್ತು. ಆಂಟಿ ಮಾತ್ರ ಸೊರಗುತ್ತಿದ್ದರು. ಮಂಡಿನೋವು ಜಾಸ್ತಿಯಾಗಿದೆ ಎನ್ನುವರು. ಗೋಡೆ ಹಿಡಿದು ಬಂದು ಕುಳಿತು, ಊಟ ಆಯ್ತೇನೇ ಎಂದು ಕೇಳುವರು. ಆತ್ರಿ ಎಂದರೆ ಸಾಕು, ಮುಖ ಅರಳುತ್ತಿತ್ತು.

ಒಂದು ಮಧ್ಯಾಹ್ನ ಸಾರಿನ ವಾಸನೆ ಬರಲಿಲ್ಲ.

ಕೂಗಿದೆ. ಸಣ್ಣ ಕಲ್ಲು ಎಸೆದೆ. ಸಂಜೆಯಾದರೂ ಅವರು ಕಾಣಲಿಲ್ಲ. ಗಾಳಿಯಲ್ಲಿ ಜ್ವರವಿದ್ದರೆ ಇರಲಿ, ಸಾಯುವುದಿದ್ದರೆ ಸಾಯುತ್ತೇನೆ ಎಂದು ಮೆಟ್ಟಿಲಿಳಿದು ಗಲ್ಲಿ ದಾಟಿ ಅವರ ಮನೆಗೆ ಹೋದೆ.

ಅಡುಗೆಮನೆಯಲ್ಲಿ, ಒಲೆಗಟ್ಟೆಗೆ ಒರಗಿ ಕುಳಿತಿದ್ದರು. ಹಣೆ ಮುಟ್ಟಿದೆ. ತಣ್ಣಗಿತ್ತು. ಪಕ್ಕದ ಪಾತ್ರೆಯಲ್ಲಿ ಕೆಂಪು ನೀರು ಉಳಿದಿತ್ತು. ಸಾರಿನ ಪುಡಿ ಕದಡಿದ ಬರೀ ನೀರು. ಅದರಲ್ಲಿ ಒಂದು ಬೇಳೆಯೂ ಇರಲಿಲ್ಲ. ಅಕ್ಕಿಯ ಡಬ್ಬಿ ಎಂದು ಗೊತ್ತಾಗುವಷ್ಟು ದೊಡ್ಡ ಡಬ್ಬಿಯೊಂದನ್ನು ತೊಳೆದು ಬೋರಲು ಹಾಕಿದ್ದರು.

ಆಗ ನೆನಪಾಯಿತು. ರೀ, ಅಕ್ಕಿ ತುಂಬಿದೆ, ಬರ್ತಾ ತನ್ನಿ.

ಮುಗಿಯಿತು ಎಂಬ ಮಾತು ಅಡುಗೆಮನೆಯಲ್ಲಿ ಆಡಬಾರದು ಎಂದು ಆ ಕಡೆಯ ಹೆಂಗಸರು ಮುಗಿದದ್ದಕ್ಕೆ ತುಂಬಿದೆ ಎನ್ನುತ್ತಾರೆಂಬುದು ಆ ಬೋರಲು ಡಬ್ಬಿ ನೋಡಿ ನನಗೆ ಹೊಳೆಯಿತು. ಅಂಕಲ್‌ಗೆ ಅದು ಅರ್ಥವಾಗುತ್ತಿತ್ತು. ಗಲ್ಲಿಯ ಯಾವ ಮನೆಯವರಿಗಾದರೂ ಅರ್ಥವಾಗುತ್ತಿತ್ತು. ಆಂಟಿ ನನಗೆ ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಟ್ಟಿದ್ದರು. ನಾನು ಚಪ್ಪಾಳೆ ತಟ್ಟಿದ್ದನ್ನು ಕಂಡು, ತಿದ್ದಲು ಮನಸ್ಸು ಬಾರದೆ ಡಬ್ಬಿಯ ತಳದಲ್ಲಿದ್ದದ್ದನ್ನೂ ನನಗೆ ಕೊಟ್ಟುಬಿಟ್ಟರು.

ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಬಾಯಿಬಿಟ್ಟು ಖಲಾಸ್ ಅನ್ನಬಾರದಿತ್ತೇನ್ರೀ ಎಂದು ಆ ತಣ್ಣನೆಯ ಹೆಂಗಸಿನ ಭುಜ ಹಿಡಿದು ಕೂಗಾಡಿದೆ. ಇಳಿದು ಹೋಗಿ ಹುಡುಕುತ್ತಿದ್ದೆನಲ್ಲ! ಮರುದಿನ ನಿಜವಾಗಿಯೂ ಹುಡುಕಲು ಹೋದೆ. ಗಾಳಿಯಲ್ಲಿ ಏನೂ ಇರಲಿಲ್ಲ. ಎರಡು ಬೀದಿ ಆಚೆಯ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕಿಮೂಟೆಗಳು ಸಾಲಾಗಿ ಹಾಗೇ ಕುಳಿತಿದ್ದವು.

ಅವರನ್ನು ಬೀದಿ ತುದಿಯ ಪಾರ್ಕಿನಲ್ಲಿ ಮಣ್ಣು ಮಾಡಿದೆ. ಜ್ವರ ನನ್ನನ್ನು ಬಿಟ್ಟಂತೆ ಅವರನ್ನೂ ಬಿಟ್ಟಿತ್ತು. ಈ ಊರಿನಲ್ಲಿ ಇಂದು ನಾವು ಇಬ್ಬರಿರಬಹುದಿತ್ತು...

ಜಯನಗರದಿಂದ ಆ ಸಾರಿನ ಪುಡಿಯ ಡಬ್ಬಿ ತಂದಿದ್ದೇನೆ. ಈಗಲೂ ನಾನು ಅದೇ ಟೆರೇಸಿನ ಕೋಣೆಯಲ್ಲಿದ್ದೇನೆ, ಬೇರೆಲ್ಲೂ ನಿದ್ದೆ ಬರುವುದಿಲ್ಲ. ಇಂದು ಉಳಿಸಿಟ್ಟಿದ್ದ ಒಂದು ಕಡ್ಡಿ ಗೀರಿ ಒಲೆ ಹೊತ್ತಿಸಿ, ಮೂರು ಕಲ್ಲಿನ ಮೇಲೆ ನೀರಿಟ್ಟು ಪುಡಿ ಹಾಕಿದೆ. ಸಾರು ಕುದಿಯಿತು. ಅನ್ನಕ್ಕೆಂದು ಅಕ್ಕಿ ಡಬ್ಬಿಗೆ ಕೈ ಹಾಕಿದರೆ ಬೆರಳಿಗೆ ತಳ ತಗುಲಿತು. ಸಿಕ್ಕ ಅಂಗಡಿಗಳ ಮೂಟೆಗಳಲ್ಲಿ ನಾನು ತಿಂದು ಉಳಿದದ್ದು ಇಲಿ, ಹುಳದ ಪಾಲಾಗಿ ಹೋಗಿ ಎಷ್ಟೋ ದಿನವಾಯಿತು. ಇದೇ ಕೊನೆಯ ಡಬ್ಬಿ. ಕೈ ಹೊರತೆಗೆದು ಎದುರು ಟೆರೇಸಿನ ಕಡೆ ತಿರುಗಿದೆ. ದೋಟಿ ಇನ್ನೂ ಗೋಡೆಗೆ ಒರಗಿಕೊಂಡಿದೆ.

"ಆಂಟಿ, ಅಕ್ಕಿ ತುಂಬಿದೇರಿ," ಎಂದೆ.

ಬರ್ತಾ ತನ್ನಿ ಎಂದು ಕೂಗಿ ಹೇಳೋಣವೆಂದು ಕೆಳಗೆ ಬಗ್ಗಿ ನೋಡಿದೆ. ಗಲ್ಲಿಯಲ್ಲಿ ಯಾರೂ ಇರಲಿಲ್ಲ.