ಎಡೆಯ ಪಕ್ಕ ಹಾಸಿದ ನೇರಳೆ ಹಾಳೆ

ಹನ್ನೊಂದನೇ ದಿನದ ಎಡೆಗೆ ರಾಗಿ ಹಿಟ್ಟಿನ ಬದಲು ಲ್ಯಾಬಿನ ಹಾಳೆ ಹಾಸಿದ್ದನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಹೋದ ಭಾನುವಾರ, ಶೆಟ್ಟಿಹಳ್ಳಿಯ ನಮ್ಮ ಪಕ್ಕದ ಮನೆಯಲ್ಲಿ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ತೀರಿಕೊಂಡವರು ಮುನಿರಾಜಣ್ಣ. ಎಡೆ ಇಟ್ಟು, ಪಕ್ಕದಲ್ಲಿ ಹಿಟ್ಟು ಹರಡಿ, ಅರ್ಧ ಗಂಟೆ ಬಾಗಿಲು ಹಾಕುವುದು ಅವರ ಮನೆ ಪದ್ಧತಿ. ಹಿಟ್ಟಿನ ಮೇಲೆ ಗುರುತು ಬಿದ್ದರೆ ಹೋದವರು ಬಂದು ಉಂಡರು ಎಂದರ್ಥ. ಬೀಳದಿದ್ದರೆ ಕೋಪ.

ಅವರ ಹೆಂಡತಿ ಜಯಮ್ಮನಿಗೆ ಅದೇ ಭಯ. ಗಂಡನ ಪ್ರಾಣ ಹೋಗುವಾಗ ಆಕೆ ಬ್ಯಾಟರಾಯನಪುರದಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ಕೂತಿದ್ದರು. (ಪಾಪ, ಯಾರಿಗೆ ಗೊತ್ತಿರುತ್ತೆ?) ಆಮೇಲೆ ಒಂದು ತುತ್ತೂ ಸರಿಯಾಗಿ ಇಳಿದಿರಲಿಲ್ಲ.

ಹಿಟ್ಟು ಬೇಡ ಎಂದವರು ಮುನಿರಾಜಣ್ಣನ ಅಕ್ಕ. "ಜಿರ್ಳೆ ಓಡಾಡಿದ್ರೂ ಗುರುತು ಬೀಳ್ತದೆ. ಮುಟ್ಟಿದ್ರೆ ಬಣ್ಣ ತಿರುಗ್ತದಲ್ಲ, ನಿನ್ ಕಾಲೇಜಿಂದು, ಅದ್ನೇ ಆಸು" ಎಂದು ಸೊಸೆಗೆ ಹೇಳಿದರು.

ಸೊಸೆ ಎಂದರೆ ತಮ್ಮ ಮುನಿರಾಜಣ್ಣನ ಮಗಳು ರೂಪಾ. ಪಿಎಚ್‌ಡಿ ಹುಡುಗಿ. ಅಯಾನಿಕ್ ಲಿಕ್ವಿಡ್ ಕ್ರಿಸ್ಟಲ್ ಎಂಬ ಉಪ್ಪಿನ ಜಾತಿಯ ವಸ್ತುವಿನಿಂದ ಹಾಳೆ ಮಾಡುತ್ತಾಳೆ. ಅದು ದ್ರವದಂತೆ ಹರಿದರೂ ಒಳಗಿನ ಕಣಗಳು ಸಾಲು ಬಿಡುವುದಿಲ್ಲವಂತೆ. ಮೈ ಬಿಸಿ ತಾಗಿದರೆ ಸಾಲು ಕದಲುತ್ತದೆ. ತಾಗಿ ಹತ್ತು ನಿಮಿಷವಾದ ಮೇಲೆ ನೇರಳೆ ಹಾಳೆ ಅಲ್ಲಿ ಮಾತ್ರ ಹಳದಿಯಾಗುತ್ತದೆ.

ರೂಪಾ ಒಬ್ಬಳೇ ಒಳಗೆ ಹೋಗಿ ಹಾಳೆ ಹಾಸಿ, ದೀಪ ಇಟ್ಟು ಬಂದಳು. ಅತ್ತೆ ಬೀಗ ಹಾಕಿದರು. ಕಿಟಕಿಯಿಲ್ಲದ ಕೋಣೆ. ನಾವೆಲ್ಲ ಬಾಗಿಲು ನೋಡುತ್ತಾ ಕೂತೆವು. ಒಬ್ಬರೂ ಮೊಬೈಲ್ ಮುಟ್ಟಲಿಲ್ಲ.

ಅರ್ಧ ಗಂಟೆಯಾದ ಮೇಲೆ ಬೀಗ ತೆಗೆದರು. ಮುದ್ದೆ ಇಟ್ಟ ಹಾಗೇ ಇತ್ತು. ಹಾಳೆಯ ಮೇಲೆ ಮಾತ್ರ ಎರಡು ಹಳದಿ ಅಂಗೈ. ಒಂದು ಬಲ, ಒಂದು ಎಡ. ಉಂಡವರು ನೆಲಕ್ಕೆ ಕೈಯೂರಿ ಎದ್ದ ಹಾಗೆ.

ಜಯಮ್ಮ ಗೋಡೆಗೆ ಒರಗಿ ಅತ್ತರು. "ಬಂದಿದ್ರು ಕಣ್ರೀ. ಕೋಪ ಇಲ್ಲ ಅವ್ರಿಗೆ." ಆಮೇಲೆ ಅದೇ ಎಡೆಯ ಮುದ್ದೆ ಮುರಿದು ಹೊಟ್ಟೆ ತುಂಬ ಉಂಡರು.

ನಾನೇನು ದಡ್ಡನೇ? ಗೇಟಿನ ಹತ್ತಿರ ರೂಪಾಳನ್ನು ಕರೆದೆ. "ನೀನೇ ತಾನೆ ಒತ್ತಿದ್ದು? ಒಳ್ಳೇ ಕೆಲಸ ಮಾಡ್ದೆ ಕಣಮ್ಮ."

"ಹೌದು ಅಂಕಲ್. ಅಮ್ಮ ಊಟ ಮಾಡ್ಲಿ ಅಂತ ಒತ್ತಿ ಬಂದೆ." ಅವಳ ತುಟಿ ಒಣಗಿತ್ತು. "ಬಲಗೈ ಮಾತ್ರ. ಎಡಗೈಲಿ ದೀಪ ಹಿಡ್ಕೊಂಡಿದ್ದೆ."

ಅಮ್ಮನನ್ನು ಸಮಾಧಾನ ಮಾಡಲು ಒಂದು ಕೈ ಸಾಕಿತ್ತು. ಈಗ ಮಗಳನ್ನು ಸಮಾಧಾನ ಮಾಡುವವರು ಯಾರು?