ದೋನ್ ನಿಕಾನೋರರ ಆರೋಗ್ಯದ ಪುಟ

ಮೊಂಪೋಸ್ ಎಂಬ ಊರಿನ ನದಿಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿರುವ ದೋನ್ ನಿಕಾನೋರ್, ಪತ್ರಿಕೆಯಲ್ಲಿ ಆರೋಗ್ಯದ ಪುಟವೊಂದನ್ನು ಬಿಟ್ಟು ಬೇರೇನನ್ನೂ ನಂಬುವವರಲ್ಲ. ಗಿರಾಕಿಗಳಿಗೆಂದು ಪೇರಿಸಿಟ್ಟ ಪತ್ರಿಕೆಗಳೋ ಹತ್ತು ವರ್ಷ ಹಳೆಯವು, ಕೈಗೆ ಸಿಕ್ಕಿದ್ದೇ ಆ ವಾರದ ಶಾಸ್ತ್ರ. ಮೊಟ್ಟೆ ಹೃದಯಕ್ಕೆ ಕೆಟ್ಟದ್ದೆಂದು ಓದಿದ ದಿನ ಆರು ಕೋಳಿಗಳನ್ನು ನೆರೆಮನೆಯ ನಮಗೆ ದಾನ ಕೊಟ್ಟರು. ಮೊಟ್ಟೆಯಂಥ ಆಹಾರವೇ ಇಲ್ಲವೆಂದು ಓದಿದ ದಿನ ಬಂದು, "ಕೋಳಿಗಳು ಚೆನ್ನಾಗಿದಾವಾ?" ಎಂದು ವಿಚಾರಿಸಿದರು. ಅಷ್ಟರಲ್ಲಿ ಸಾರು ಮಾಡಿ ಆಗಿತ್ತು. ಹಿಮ್ಮುಖ ನಡಿಗೆ ಮಂಡಿಗೆ ಒಳ್ಳೆಯದೆಂದು ತಿಳಿದ ಮೇಲೆ ಇಗರ್ಜಿಗೂ ಹಾಗೆಯೇ ಹೋಗತೊಡಗಿದರು, ಪಾದ್ರಿಗಳು ಬೆನ್ನಿಗೇ ಆಶೀರ್ವದಿಸಿದರು. "ಪ್ರೊಫೆಸರುಗಳು ಹೇಳಿದ್ದು ಕಣ್ರಯ್ಯಾ, ನನ್ನದೇನಿದೆ?" ಎನ್ನುತ್ತ ಕತ್ತರಿ ಆಡಿಸುವರು. ಇಂಥವರು ನಲವತ್ತು ವರ್ಷದಲ್ಲಿ ಹೆಂಡತಿ ಎರ್ಮೆಲಿಂದಾಗೆ ಒಮ್ಮೆಯೂ ಎದುರಾಡಿರಲಿಲ್ಲ. ಕಳೆದ ಈಸ್ಟರ್ ಹೊತ್ತಿಗೆ ಪಟ್ಟಣದ ವೈದ್ಯರು ಆಕೆಯ ಹೃದಯ ಪರೀಕ್ಷಿಸಿ, ಇನ್ನು ಔಷಧಿಯಿಂದ ಆಗುವುದೇನೂ ಇಲ್ಲವೆಂದು ಮನೆಗೆ ಕಳಿಸಿದರು. ಆ ವಾರವೆಲ್ಲ ದೋನ್ ನಿಕಾನೋರ್ ಅಂಗಡಿ ಮುಚ್ಚಿಕೊಂಡು ಪತ್ರಿಕೆಗಳ ಇಡೀ ರಾಶಿಯನ್ನು ಓದಿದರು. ಈಗ ದಿನಾ ಬೆಳಿಗ್ಗೆ ಹತ್ತಕ್ಕೆ, "ಸಾರೇನೇ ಇದು, ಉಪ್ಪಿನ ಸಮುದ್ರಾನಾ?" ಎಂದು ಬೀದಿಗೆಲ್ಲ ಕೇಳುವಂತೆ ಜಗಳ ತೆಗೆಯುತ್ತಾರೆ. ಜಗಳವಾಡುವ ದಂಪತಿಗಳು ಹೆಚ್ಚು ಕಾಲ ಬದುಕುತ್ತಾರೆಂದು ಎಲ್ಲೋ ಒಂದು ಮೂಲೆಯಲ್ಲಿ ಅಚ್ಚಾಗಿದೆಯಂತೆ. ಮೊನ್ನೆ ಗಿರಾಕಿಗಳ ಗಲಾಟೆಯಲ್ಲಿ ಹತ್ತೂವರೆಯಾದರೂ ದೋನ್ ನಿಕಾನೋರ್ ದನಿ ಎತ್ತಲಿಲ್ಲ. ಎರ್ಮೆಲಿಂದಾ ಗೋಡೆ ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬಂದರು, ಉಸಿರು ತಹಬಂದಿಗೆ ಬರುವವರೆಗೆ ನಿಂತರು, ಆಮೇಲೆ ಕೂಗಿದರು: "ಏ ಮುದುಕಾ, ಇವತ್ತು ಉಪ್ಪೇ ಹಾಕಿಲ್ಲ, ಬಂದು ಬಯ್ಯಿ!"