ಬೀರಪ್ಪನ ಏಕಾದಶಿ ಸಿನಿಮಾ

ಏಕಾದಶಿಯ ಸಂಜೆ ನಮ್ಮ ಓಣಿಯ ಟಿವಿಗಳಲ್ಲಿ ಕೋಳಿ ಸುಟ್ಟು ತಿನ್ನುವ ಸಿನಿಮಾ ಬಂದದ್ದಕ್ಕೆ ಕಾರಣ ನಾನು, ಬೀರಪ್ಪನಲ್ಲ. ಬೀರಪ್ಪನೇ ಎಂದು ಆಚಾರ್ಯರ ಕಟ್ಟೆಯ ಮುಂದೆ ನಿಂತು ಹೇಳಿದವನೂ ನಾನೇ. ಅದು ಸುಳ್ಳೆಂದು ಅವನಿಗೆ ಅವತ್ತೇ ಗೊತ್ತಿತ್ತು — ಪಕ್ಕದಲ್ಲೇ ನಿಂತಿದ್ದ. ಗೊತ್ತಿಲ್ಲದವರು ಓಣಿಯವರು. ಅವರಲ್ಲಿ ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ಆಗ ಆಂಧ್ರದ ಗಡಿಯ ಆದೋನಿಯಲ್ಲಿ ಕೇಬಲ್ ಎಂದರೆ ಒಂದು ವಿಸಿಆರ್, ಒಂದು ಕೋಣೆ, ಮಾಳಿಗೆಯಿಂದ ಮಾಳಿಗೆಗೆ ಎಳೆದ ಕಪ್ಪು ವೈರು. ಹತ್ತಿ ದಲಾಲರೊಬ್ಬರ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೂ ಬೀರಪ್ಪನೂ ಕೂಡಿ ಅದನ್ನು ನಡೆಸುತ್ತಿದ್ದೆವು. ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ನಮ್ಮದು ಆಚಾರ್ಯರ ಓಣಿಯ ವೈಷ್ಣವ ಮನೆ. ಅವನದು ನಾಗಲದಿನ್ನೆ ಹಳ್ಳಿಯಲ್ಲಿ ಕುರಿ ಸಾಕುವ ಮನೆತನ. ವೈರು, ಕಂಬ, ಜನರ ಬೈಗುಳ ನನ್ನ ಪಾಲು. ಯಾವ ದಿನ ಯಾವ ಕ್ಯಾಸೆಟ್ ಎಂಬುದು ಅವನ ಪಾಲು. ಅದರಲ್ಲಿ ನಾನು ಬಾಯಿ ಹಾಕಿದರೆ, "ನಿನಗ ವೈರ್ ಕಚ್ಚೋದು ಗೊತ್ತು, ಅಷ್ಟ ಮಾಡು" ಎನ್ನುತ್ತಿದ್ದ. ಜಂಬದ ಮನುಷ್ಯ. ಆದರೆ ಆ ಜಂಬಕ್ಕೆ ಹಕ್ಕಿತ್ತು.

ಅವನಿಗೆ ರಾಕೆಟ್ ಪಿಕ್ಚರಿನ ಹುಚ್ಚು. ಈಗ ವಿಜ್ಞಾನ ಕಥೆ ಎನ್ನುತ್ತಾರಲ್ಲ, ಅಂಥವು. ಊರಿನ ಇತರ ಕೇಬಲಿನವರು ಅವನ್ನು ಮುಟ್ಟುತ್ತಲೂ ಇರಲಿಲ್ಲ — ಇಂಗ್ಲಿಷು, ಹಾಡಿಲ್ಲ, ಯಾರು ನೋಡುತ್ತಾರೆ? ಬೀರಪ್ಪ ಬಸ್ಸು ಹಿಡಿದು ಬಳ್ಳಾರಿಗೆ ಹೋಗಿ, ಕ್ಯಾಸೆಟ್ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದ. ಮೊದಲು ಸೌಂಡ್ ಬಂದ್ ಮಾಡಿ ನೋಡುತ್ತಿದ್ದ. ಮಾತು ಕೇಳದೆಯೇ, ಯಾರಿಗೆ ಏನು ಬೇಕಾಗಿದೆ, ಯಾರು ಅಡ್ಡ ಬಂದಿದ್ದಾರೆ ಎಂದು ತಿಳಿಯಬೇಕು. ತಿಳಿಯದಿದ್ದರೆ ಎಂಥ ದೊಡ್ಡ ಸಿನಿಮಾ ಆದರೂ ಮರುದಿನದ ಬಸ್ಸಿಗೆ ವಾಪಸ್ಸು. ತಿಳಿದರೆ ಇನ್ನೊಮ್ಮೆ ಸೌಂಡ್ ಇಟ್ಟು ನೋಡುತ್ತಿದ್ದ — ಕೂಸುಗಳು ಬೆದರುವ ಕೂಗು ಎಲ್ಲಿದೆ, ಅಲ್ಲಿ ಎಷ್ಟು ತಗ್ಗಿಸಬೇಕು ಎಂದು.

ಹಾಕುವ ಮುಂಚೆ ಮೈಕು ಹಿಡಿಯುತ್ತಿದ್ದ. ಅವನ ಆ ದನಿ ನನಗೆ ಇನ್ನೂ ಕೇಳಿಸುತ್ತದೆ: "ಅಮ್ಮಾರ, ಅಕ್ಕಾರ, ಇದು ದೆವ್ವದ ಕತಿ ಅಲ್ಲರಿ. ಭಯಪಡಕಂಡಿ ಅಮ್ಮಾ, ಅಂಜಬ್ಯಾಡ್ರಿ. ಆಕಿ ಮನಿಗೆ ಹೋಗಬೇಕಂತಾಳ, ದಾರಿ ದೂರ ಐತಿ, ಅಷ್ಟ." ಅಷ್ಟೇ ಹೇಳಿ ನಿಲ್ಲಿಸುತ್ತಿದ್ದ. ಮುಂದಿನದು ಕೇಳಿದರೆ ಕಣ್ಣಿಲ್ಲವೇ ನಿಮಗೆ ಎನ್ನುತ್ತಿದ್ದ.

ದಿನ ಆರಿಸುವುದರಲ್ಲಂತೂ — ಏನು ಹೇಳಲಿ, ನನಗೆ ಈಗಲೂ ಬೆರಗು. ಅಮಾವಾಸ್ಯೆಗೆ ವಿಚಿತ್ರ ಪ್ರಾಣಿಗಳ ಪಿಕ್ಚರ್ ಹಾಕುತ್ತಿರಲಿಲ್ಲ. ಅವತ್ತು ಮಕ್ಕಳು ಮೊದಲೇ ಅಂಜಿರುತ್ತಾರೆ ಎಂಬುದು ಅವನ ಲೆಕ್ಕ. ಹತ್ತಿಯ ಹಂಗಾಮಿನಲ್ಲಿ ಜಿನ್ನಿಂಗ್ ಮಿಲ್ಲಿನ ಕೆಲಸದವರು ದಣಿದು ಬರುತ್ತಾರೆಂದು ಚಿಕ್ಕವು, ಸರಸರ ಓಡುವಂಥವು. ಉದ್ದನೆಯ, ನಿಧಾನದ, ಆಕಾಶವೇ ತುಂಬಿದ ಪಿಕ್ಚರುಗಳನ್ನು ಮಾತ್ರ ನಮ್ಮ ಓಣಿಗಾಗಿ ಏಕಾದಶಿಗೆ ಎತ್ತಿಡುತ್ತಿದ್ದ. ಯಾಕೆಂದರೆ ಏಕಾದಶಿ ಒಂದೇ ದಿನ ನಮ್ಮ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. "ನಿಮ್ಮ ಹೆಣ್ಮಕ್ಕಳು ಸಂಜಿಮುಂದ ಕೈ ಬಿಡುವಾಗಿ ಕುಂದ್ರೋದು ಅವತ್ತು ಒಂದ ದಿನ ಅಲ್ಲೇನಲೇ?" ಎಂದ. ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಹೊಳೆದಿರಲಿಲ್ಲ. ನನ್ನ ಅವ್ವ ಸಂಜೆ ಹೊತ್ತು ಕುಳಿತದ್ದನ್ನು ನಾನು ನೋಡಿಯೇ ಇರಲಿಲ್ಲ ಎಂದು ಆಗ ಅರಿವಾಯಿತು.

ಓಣಿಗೆ ಹಿರಿಯರಾದ ಆಚಾರ್ಯರು ಮೊದಲು ಮುಖ ಗಂಟಿಕ್ಕಿದರು. ಉಪವಾಸದ ದಿನ ಟಿವಿಯೇ? ಬೀರಪ್ಪ ಕಟ್ಟೆಯ ಕೆಳಗೆ ನಿಂತು ವಾದಿಸಿದ, ಭಜನೆ ಮುಗಿದ ಮೇಲೇ ಹಾಕುತ್ತೇನೆ ಎಂದ. ಕೊನೆಗೆ ಒಪ್ಪಿದರು, ಒಂದೇ ಕರಾರು: ಏಕಾದಶಿಯ ದಿನ ಪರದೆಯ ಮೇಲೆ ಊಟ ಕಾಣಬಾರದು. ತಪ್ಪಿದರೆ ಅವನ ಕೈಯ ಕ್ಯಾಸೆಟ್ ಓಣಿಗೆ ಬೇಡ. ಅವನು ಖುಷಿಯಿಂದಲೇ ಒಪ್ಪಿದ. ಒಬ್ಬಳೇ ಹೆಂಗಸು ನೌಕೆಯಲ್ಲಿ ಊರಿಗೆ ಹೊರಟ ಪಿಕ್ಚರ್ ಹಾಕಿದ ಸಂಜೆ, ಕೊನೆಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ದ್ವಾದಶಿ, ಬೆಳಗಿನ ಪಾರಣೆಯ ಊಟ ಮುಗಿದ ಹೊತ್ತಿಗೆ ಸರಿಯಾಗಿ ಬೀರಪ್ಪ ಉಳಿದ ತುಣುಕನ್ನು ಮತ್ತೆ ಹಾಕಿದ. ಅವ್ವ ಕೈ ಒರೆಸಿಕೊಳ್ಳುತ್ತ ನಿಂತೇ ನೋಡಿದಳು. "ಮುಟ್ಟಿದಳಲ್ಲಪಾ ಮನಿ" ಎಂದು ಕಣ್ಣೊರೆಸಿಕೊಂಡಳು.

ಏಕಾದಶಿ ಯಾವತ್ತು ಎಂದು ಹೇಳುವುದು ನನ್ನ ಕೆಲಸ. ಗೋಡೆಯ ಕ್ಯಾಲೆಂಡರಿನ ಏಕಾದಶಿಯೇ ನಮ್ಮ ಏಕಾದಶಿ ಆಗಬೇಕೆಂದಿಲ್ಲ. ನಸುಕಿನಲ್ಲಿ ಇನ್ನೂ ದಶಮಿ ಉಳಿದು ಅದರ ಸೋಂಕು ತಗುಲಿದ್ದರೆ ನಮ್ಮವರು ಉಪವಾಸವನ್ನು ಮರುದಿನಕ್ಕೆ ಹಾಕುತ್ತಾರೆ. ಅದನ್ನು ಮಠದ ಪಂಚಾಂಗ ನೋಡಿಯೇ ತಿಳಿಯಬೇಕು. ಪಂಚಾಂಗ ಅಪ್ಪನ ಪೂಜೆಯ ಕೋಣೆಯಲ್ಲಿ. ಸ್ನಾನ ಮಾಡದೆ ಒಳಗೆ ಹೋಗುವ ಹಾಗಿಲ್ಲ. ಬೀರಪ್ಪ ದಿನ ಕೇಳಿದ ಆ ಬೆಳಿಗ್ಗೆ ನಾನು ಸ್ನಾನ ಮಾಡಿರಲಿಲ್ಲ — ನಗು ಬರುತ್ತದೆ ಅಲ್ಲವೇ? ಚಹಾದಂಗಡಿಯಲ್ಲಿ ಕುಳಿತು, ಎದುರಿಗೆ ತೂಗಿದ ತೆಲುಗು ಕ್ಯಾಲೆಂಡರ್ ನೋಡಿ, ಗುರುವಾರ ಎಂದುಬಿಟ್ಟೆ.

ಬೀರಪ್ಪ ಕಪ್ಪು ಕೆಳಗಿಟ್ಟು ಕೇಳಿದ: "ಮಠದ ಪಂಚಾಂಗ ನೋಡಿ ಹೇಳಾಕತ್ತೀಯಿಲ್ಲೋ ಗುರ್ಯಾ?"

"ಹೂಂ, ನೋಡೀನಿ" ಎಂದೆ.

ಗುರುವಾರ ಅವನು ಆಕಾಶದ ಪಿಕ್ಚರ್ ಹಾಕಿದ. ಓಣಿಯ ಹೆಂಗಸರು ಕೆಲಸದಲ್ಲಿದ್ದರು, ಯಾರೂ ನೋಡಲಿಲ್ಲ. ನಾನು ಬೇರೆ ಓಣಿಗಳಲ್ಲಿ ವೈರು ಎಳೆಯುತ್ತಿದ್ದೆ, ಎರಡೂ ದಿನ ಮನೆಯ ಒಲೆಯ ಕಡೆ ನೋಡಲಿಲ್ಲ. ನಿಜವಾದ ಏಕಾದಶಿ ಶುಕ್ರವಾರ. ಅವತ್ತಿಗೆ ಅವನು ಇಟ್ಟಿದ್ದು ಬೇಡಿದ ಅಡುಗೆಯನ್ನೆಲ್ಲ ಮಾಡಿಕೊಡುವ ಯಂತ್ರದ ಪಿಕ್ಚರ್ — ಮೇಜಿನ ತುಂಬ ಸುಟ್ಟ ಕೋಳಿ, ಮಾಂಸ, ತಿನ್ನುವವರ ಜಿಡ್ಡು ಬಾಯಿ. ಭಜನೆ ಮುಗಿಸಿ, ನೀರೂ ಮುಟ್ಟದೆ ಟಿವಿಯ ಮುಂದೆ ಕುಳಿತ ಮುದುಕಿಯರ ಎದುರಿಗೆ. ನಾನು ಓಡಿ ಹೋಗಿ ಬಂದ್ ಮಾಡಿಸುವ ಹೊತ್ತಿಗೆ ಆಗಬೇಕಾದದ್ದು ಆಗಿತ್ತು. "ಇವತ್ತು ಏಕಾದಶಿ" ಎಂದೆ. ಬೀರಪ್ಪ ನನ್ನ ಮುಖ ನೋಡಿದ. ಕ್ಯಾಸೆಟ್ ಹೊರಗೆಳೆದು ಡಬ್ಬಿಗೆ ಹಾಕಿದ.

ಮರುದಿನ ಕಟ್ಟೆಯ ಮುಂದೆ ಕರೆಸಿದರು. ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು, ಅವ್ವನೂ.

"ಯಾರೋ ಇದನ್ನ ಹಾಕಿದವರು?" ಎಂದರು ಆಚಾರ್ಯರು.

"ಬೀರಪ್ಪರಿ" ಎಂದೆ. ಅಲ್ಲಿಗೇ ನಿಂತಿದ್ದರೆ ಅರ್ಧವಾದರೂ ನಿಜವಾಗುತ್ತಿತ್ತು. ನಿಲ್ಲಲಿಲ್ಲ. "ಕುರಿ ಕಾಯೋವ್ರ ಪೈಕಿ, ಅವಗೇನು ಗೊತ್ತರಿ ಏಕಾದಶಿ. ನನ್ನ ಕೇಳೂ ಇಲ್ಲ."

ಅವನು ಒಂದು ಮಾತು ಆಡಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಬಾಯಿಗೆ ಬಂದದ್ದನ್ನು ಎಂದೂ ನುಂಗಿದವನಲ್ಲ ಅವನು. ಅವತ್ತು ನನ್ನ ಅವ್ವನ ಕಡೆ ನೋಡಿದ, ಆಮೇಲೆ ಆಚಾರ್ಯರ ಕಡೆ ತಿರುಗಿ, "ಹೌದ್ರಿ, ನಾ ಕೇಳಿ ತಿಳಕೋಬೇಕಿತ್ತು" ಎಂದ.

ಕರಾರಿನಂತೆ ಆಯಿತು. ಅವನ ಕೈಯ ಕ್ಯಾಸೆಟ್ ಬೇಡ ಎಂದರು, ನಾನು ತಲೆ ಆಡಿಸಿದೆ. ಅವನು ಬಳ್ಳಾರಿಯಿಂದ ತಂದಿದ್ದವನ್ನು ತಾನೇ ವಾಪಸ್ಸು ಕೊಟ್ಟು ಊರಿಗೆ ಹೋದ. ಆಮೇಲೆ ನಾನು ಒಬ್ಬನೇ ಕೈಗೆ ಸಿಕ್ಕದ್ದನ್ನು ಹಾಕಿದೆ: ಹೊಡೆದಾಟ, ಹಾಡು, ಮತ್ತೆ ಹೊಡೆದಾಟ. ಏಕಾದಶಿಯ ಸಂಜೆ ಓಣಿಯ ಟಿವಿಗಳು ಬಂದ್ ಇರತೊಡಗಿದವು. ಅವ್ವ ಒಮ್ಮೆ, "ಬೀರಪ್ಪ ಬರಂಗಿಲ್ಲೇನು?" ಎಂದಳು. ಇಲ್ಲ ಎಂದೆ. ಅವಳು ತೀರಿಕೊಳ್ಳುವವರೆಗೂ ನಿಜ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಕಾರಣಗಳು ಬೇಕಾದಷ್ಟಿವೆ — ಒಂದನ್ನೂ ಇಲ್ಲಿ ಬರೆಯುವುದಿಲ್ಲ.

ಈಚೆಗೆ ನಾಗಲದಿನ್ನೆಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋದೆ. ಬೀರಪ್ಪನ ತಲೆ ಪೂರ್ತಿ ಬೆಳ್ಳಗಾಗಿದೆ, ಜಂಬ ಹಾಗೇ ಇದೆ. ಈಗಿನ ಚಾನೆಲ್ಲಿನವರನ್ನು ಮನಸಾರೆ ಬೈದ. ಒಳ್ಳೆಯ ರಾಕೆಟ್ ಪಿಕ್ಚರುಗಳನ್ನು ಜನ ಮಲಗಿದ ಮೇಲೆ ಹಾಕುತ್ತಾರಂತೆ, ನೋಡುವವರು ಯಾರು, ಅವರ ಮನೆಯಲ್ಲಿ ಅವತ್ತೇನು ನಡೆದಿದೆ ಎಂದು ಒಬ್ಬನೂ ಯೋಚಿಸುವುದಿಲ್ಲವಂತೆ. ನಾನು ಕೇಳುತ್ತ ಕುಳಿತೆ. ಎಷ್ಟು ಚೆಂದ ಮಾತಾಡುತ್ತಾನೆ ಇವನು ಎಂದುಕೊಳ್ಳುತ್ತ, ನಾನು ಹೇಳಬೇಕಾದದ್ದನ್ನು ಮುಂದೆ ಮುಂದೆ ಹಾಕಿದೆ.

ಅಷ್ಟರಲ್ಲಿ ಊಟದ ಹೊತ್ತಾಯಿತು. ಮಡಿಯೆಲ್ಲ ನನ್ನಲ್ಲಿ ಎಂದೋ ಕಳಚಿಹೋಗಿದೆ, ಏಕಾದಶಿ ಒಂದು ಉಳಿದಿದೆ. ಮಾತಿನ ನಡುವೆ ಅವನಿಗೂ ಅದನ್ನು ಹೇಳಿದ್ದೆ. ತಟ್ಟೆ ತಂದವನು ಬಡಿಸದೆ ನಿಂತ.

"ಗುರ್ಯಾ, ಇವತ್ತು ಏಕಾದಶಿ ಅಲ್ಲ ಹೌದಿಲ್ಲೋ? ನಿಮ್ಮ ಪಂಚಾಂಗದಾಗ ನೋಡಿ ಬಂದೀಯಿಲ್ಲೋ?"

ಚುಚ್ಚಿ ಕೇಳಿದನೇ ಎಂದು ಮುಖ ನೋಡಿದೆ. ಇಲ್ಲ. ನನ್ನ ಉಪವಾಸ ಕೆಡಬಾರದು ಎಂಬುದಷ್ಟೇ ಅಲ್ಲಿತ್ತು.

"ನಾ ನೋಡಿಲ್ಲ, ಬೀರಪ್ಪ" ಎಂದೆ. "ಅವತ್ತೂ ನೋಡಿರಲಿಲ್ಲ."

ಅವನು ತಟ್ಟೆ ಕೆಳಗಿಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡ. "ತಡಿ, ಗುಡಿ ಆಚಾರ್ರ ಮನಿಯಾಗ ಪಂಚಾಂಗ ಕೇಳಿ ಬರತೀನಿ" ಎಂದು ಬಿಸಿಲಿಗೆ ಇಳಿದು ಹೋದ.